ಬೇರೇ ಇಲ್ಲದ ಅಂಜೂರದ ‘ಸಸಿ’ ಮಾರ್ತಿದ್ದಾರೆ, ಹುಷಾರು!

ಆನ್‌ಲೈನ್‌ನಲ್ಲಿ ಅಂಜೂರದ ಸಸಿ ತರಿಸೋ ಯೋಚನೆ ಇದ್ದರೆ ಮೊದಲು ಇದನ್ನ ಓದಿ, ಆಮೇಲೆ ದುಡ್ಡು ಹಾಕಿ. ಮಾರಿದವರ ಹೆಸರು ಬರೆಯಲ್ಲ. ನಾಳೆ ಇನ್ನೊಂದು ಹೆಸರಿಟ್ಟುಕೊಂಡು ಬರೋದು ಅವರಿಗೇನು ಕಷ್ಟ? ಹೇಗೆ ಟೋಪಿ ಹಾಕ್ತಾರೆ ಅನ್ನೋದು ಗೊತ್ತಿದ್ದರೆ ಸಾಕು.

ನಾನು ಕೇಳಿದ್ದು ಬೇರು ಬಂದ ಸಸಿ. ನೆಡೋಕೆ ಅಂತ ಕತ್ತರಿಸಿದ ಬರೀ ಕಡ್ಡಿ ಅಲ್ಲ. ಕಡ್ಡಿಗೆ ಕೊಡೋ ದುಡ್ಡೇ ಬೇರೆ, ಬೇರು ಬಂದ ಸಸಿಗೆ ಕೊಡೋ ದುಡ್ಡೇ ಬೇರೆ, ತರಿಸಿದವರಿಗೆಲ್ಲ ಗೊತ್ತಿರೋದೇ. ‘ಗ್ರೋ ಲೈಟ್ ಕೆಳಗೆ ಬೆಳೆಸಿದ, ಬೇರು ಬಿಟ್ಟ ಸಸಿಗಳು’ ಅಂತ ದಪ್ಪಕ್ಷರದಲ್ಲಿ ಹಾಕಿದ್ದರು. ಗ್ರೋ ಲೈಟ್ ಅಂದರೆ ಗಿಡ ಬೆಳೆಸೋಕೆ ಬಿಸಿಲಿನ ಬದಲು ಹಾಕೋ ದೀಪ. ಬಂದಾಗ ಚೆನ್ನಾಗೇ ಇದ್ದವು. ಕಪ್ಪು ಕಪ್‌ನಲ್ಲಿ ಪೆನ್ಸಿಲ್ ದಪ್ಪದ ಕಡ್ಡಿ, ತುದಿಯಲ್ಲಿ ಎಳೆ ಎಲೆ, ಒಂದರಲ್ಲಂತೂ ಬಟಾಣಿ ಗಾತ್ರದ ಕಾಯಿ! ಆ ಕಾಯಿಯ ಫೋಟೋ ತೆಗೆದು ನೆಂಟರಿಷ್ಟರಿಗೆಲ್ಲ ಕಳಿಸಿದ್ದೆ. ಈಗ ಅವರು ‘ಅಂಜೂರ ಹಣ್ಣಾಯ್ತಾ?’ ಅಂತ ಕೇಳಿದರೆ ಮುಖ ಎಲ್ಲಿಟ್ಟುಕೊಳ್ಳಲಿ.

ಸ್ವಲ್ಪ ದಿನದಲ್ಲೇ ಎಲೆ ಜೋತುಬಿತ್ತು. ಮಾರಿದವರಿಗೆ ಫೋಟೋ ಕಳಿಸಿದೆ. ‘ಟ್ರಾನ್ಸ್‌ಪೋರ್ಟ್ ಶಾಕ್ ಮೇಡಂ, ಸೆಟ್ ಆಗುತ್ತೆ.’ ಆಗಲಿಲ್ಲ. ‘ನೀರು ಜಾಸ್ತಿ ಆಗಿದೆ ಮೇಡಂ.’ ನೀರು ನಿಲ್ಲಿಸಿದೆ. ‘ನೀರು ಸಾಲ್ತಿಲ್ಲ ಮೇಡಂ.’ ಅದೇ ಮನುಷ್ಯ, ಅದೇ ವಾರ! ಕೊನೆಗೆ ಬಂತು ನೋಡಿ ಅಸಲಿ ಮಾತು: ‘ನಿಮ್ಮ ಮನೇಲಿ ಬೆಳಕು ಸಾಲ್ತಿಲ್ಲ. ನಮ್ಮ ಹತ್ರ 1000 ವ್ಯಾಟ್ ಗ್ರೋ ಲೈಟ್ ಇದೆ, ಹಳೇ ಕಸ್ಟಮರ್ ಅಂತ ಕಮ್ಮಿ ಮಾಡಿ ಕೊಡ್ತೀವಿ.’ ಅದನ್ನೂ ತರಿಸಿದ್ದಾಯ್ತು. ಪ್ಲಗ್‌ಗೆ ಸಿಕ್ಕಿಸಿ ಕರೆಂಟ್ ಅಳೆಯೋ ಮೀಟರ್ ಹಾಕಿ ನೋಡಿದರೆ 100 ವ್ಯಾಟ್ ಆಸುಪಾಸು. ಕೇಳಿದ್ದಕ್ಕೆ, ‘ಅದು ಈಕ್ವಿವಲೆಂಟ್ ವ್ಯಾಟ್ ಮೇಡಂ, ನಿಮಗೆ ಅರ್ಥ ಆಗಲ್ಲ.’ ಅಂದರೆ 1000 ವ್ಯಾಟ್‌ನ ಹಳೇ ದೀಪದಷ್ಟು ಬೆಳಕು ಕೊಡುತ್ತೆ ಅನ್ನೋ ಲೆಕ್ಕ.

ಅರ್ಥ ಆಗಲ್ವಂತೆ!

ಆ ಸಿಟ್ಟಲ್ಲೇ ಒಣಗಿದ್ದ ಒಂದನ್ನ ಹಿಡಿದು ಮೆಲ್ಲಗೆ ಎಳೆದೆ. ಸ್ಟ್ಯಾಂಡಿನಿಂದ ಊದಿನಕಡ್ಡಿ ಎತ್ತಿದ ಹಾಗೆ ಸಲೀಸಾಗಿ ಕೈಗೆ ಬಂತು. ಒಂದೇ ಒಂದು ಬೇರಿಲ್ಲ. ತಳ ಕಪ್ಪಗಾಗಿ, ಮುಟ್ಟಿದರೆ ಸಿಪ್ಪೆ ಲೋಳೆಯಾಗಿ ಜಾರ್ತಿತ್ತು, ಕೊಳೆತ ನಾತ ಬೇರೆ. ಉಳಿದವನ್ನೂ ಎತ್ತಿ ನೋಡಿದೆ, ಒಂದನ್ನು ಬಿಟ್ಟರೆ ಎಲ್ಲದರದ್ದೂ ಅದೇ ಕಥೆ. ನಾನು ಇಷ್ಟು ದಿನ ನೀರು, ಬೆಳಕು ಅಂತ ಉಪಚಾರ ಮಾಡಿದ್ದು ಬರೀ ಕಡ್ಡಿಗೆ. ಒಂದರ ತೊಗಟೆ ಮೇಲೆ ಸಣ್ಣ ಬಿಳಿ ಗುಳ್ಳೆಗಳಿದ್ದವು. ಆ ಫೋಟೋ ಹಾಕಿದ ತಕ್ಷಣ, ‘ನೋಡಿ ಮೇಡಂ, ಬಿಳಿ ಕಾಣ್ತಿದೆಯಲ್ಲ, ಅದೇ ಬೇರು. ಕಿತ್ತು ಹಾಳು ಮಾಡಿಬಿಟ್ರಲ್ಲ!’ ತೇವ ಹೆಚ್ಚಾದಾಗ ತೊಗಟೆಯ ಉಸಿರಾಟದ ರಂಧ್ರಗಳು ಊದಿಕೊಂಡು ಹಾಗೆ ಬೆಳ್ಳಗೆ ಕಾಣುತ್ತವೆ. ಅದು ಬೇರಲ್ಲ. ಅಂಜೂರದ ವ್ಯಾಪಾರ ಮಾಡೋರಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬಬೇಕಾ?

ಅವರ ಆಟ ಇಷ್ಟೇ. ಅಂಜೂರದ ಕಡ್ಡಿಯೊಳಗೇ ಪಿಷ್ಟ ಕೂಡಿಟ್ಟಿರುತ್ತೆ. ಬೆಚ್ಚಗೆ, ತೇವವಾಗಿ ಇಟ್ಟರೆ ಆ ದಾಸ್ತಾನಿನಲ್ಲೇ ಮೊಗ್ಗು ಒಡೆದು ಎಲೆ ಬರುತ್ತೆ, ಕೆಲವು ಸಲ ಕಾಯಿಯೂ ಬರುತ್ತೆ. ಬೇರು ಬರೋಕೆ 3-4 ವಾರ, ಕೆಲವು ತಳಿಗೆ ಎರಡು ತಿಂಗಳೂ ಹಿಡಿಯಬಹುದು. ಇವರು ಮುಚ್ಚಳ ಹಾಕಿ ಲೈಟ್ ಕೆಳಗಿಟ್ಟು, ಎಲೆ ಬಿಚ್ಚಿದ ಕೂಡಲೇ ಪ್ಯಾಕ್ ಮಾಡಿ ಕಳಿಸ್ತಾರೆ. ಮುಚ್ಚಳದ ಹಬೆಯಲ್ಲಿ ಎಲೆ ನಿಂತಿರುತ್ತೆ. ಒಣ ಗಾಳಿಗೆ ಬಂದರೆ ಎಲೆಯಿಂದ ನೀರು ಹೋಗುತ್ತಲೇ ಇರುತ್ತೆ, ಕೆಳಗಿನಿಂದ ಎಳೆದುಕೊಡೋಕೆ ಬೇರಿಲ್ಲ. ಸಾಯದೆ ಇನ್ನೇನು? ಆಗ ತಪ್ಪು ನಮ್ಮದು, ನಮ್ಮ ನೀರಿನದು, ನಮ್ಮ ಬೆಳಕಿನದು!

ಬದುಕಿರೋ ಆ ಒಂದರ ಎಲೆಗಳಲ್ಲಿ ಹಳದಿ ಮಚ್ಚೆ, ಆಕಾರವೂ ಸೊಟ್ಟ. ಅಂಜೂರದ ಮೊಸಾಯಿಕ್ ರೋಗದ ಲಕ್ಷಣ ಅದು. ಕಡ್ಡಿ ಮೂಲಕವೂ ಹರಡುತ್ತೆ, ಔಷಧಿ ಇಲ್ಲ. ಅದಕ್ಕೂ ಉತ್ತರ ರೆಡಿ ಇತ್ತು: ‘ಅದು ರೇರ್ ವೇರಿಗೇಟೆಡ್ ಮೇಡಂ, ನಾವು ಎಕ್ಸ್‌ಟ್ರಾ ಕೂಡ ತಗೊಂಡಿಲ್ಲ.’ ಎಲೆಯಲ್ಲಿ ಸಹಜವಾಗೇ ಎರಡು ಬಣ್ಣ ಇರೋ ಅಪರೂಪದ ತಳಿ ಅಂತೆ! ಬೇರೆ ಅಂಜೂರದ ಗಿಡ ಇದ್ದರೆ ಇಂಥದ್ದನ್ನ ಹತ್ತಿರವೂ ಇಡಬೇಡಿ, ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ ಈ ರೋಗ ದಾಟಿಸುತ್ತೆ.

ತಗೊಳ್ಳಲೇಬೇಕು ಅಂದರೆ ಪಾರದರ್ಶಕ ಕಪ್‌ನಲ್ಲಿರೋದನ್ನೇ ಕೇಳಿ, ಗೋಡೆಗೆ ಅಂಟಿಕೊಂಡ ಬೇರು ಫೋಟೋದಲ್ಲಿ ಕಾಣಬೇಕು. ಮುಚ್ಚಳ ತೆಗೆದು ಒಂದು ವಾರ ಆದ ಮೇಲಿನ ವಿಡಿಯೋ ಕೇಳಿ. ‘ಕಪ್ಪು ಕಪ್ ಬೇರಿಗೆ ಒಳ್ಳೇದು’ ಅಂತ ಶುರುಮಾಡಿದರೆ ಅಲ್ಲಿಗೇ ಬಿಡಿ, ನನಗೂ ಅದನ್ನೇ ಹೇಳಿದ್ದು. ಲೈಟ್ ಅಂತೂ ಇಂಥವರ ಹತ್ತಿರ ತಗೊಳ್ಳಲೇಬೇಡಿ.

ದುಡ್ಡು ವಾಪಸ್ ಕೇಳಿದೆ. ‘ಜೀವ ಇರೋ ವಸ್ತು ಮೇಡಂ, ರಿಫಂಡ್ ಇರಲ್ಲ.’ ಜೀವ ಇದ್ದಿದ್ದರೆ ನಾನ್ಯಾಕೆ ಕೇಳ್ತಿದ್ದೆ? ಹಾಗಂದ ಮೇಲೆ ತಮ್ಮ ಹಳೇ ಮೆಸೇಜ್‌ಗಳನ್ನ ಒಂದೊಂದಾಗಿ ಅಳಿಸೋಕೆ ಶುರುಮಾಡಿದರು. ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇವೆ, ದೂರಿನ ಜೊತೆಗೇ ಹಾಕಿದ್ದೀನಿ. ನೀವೂ ಮೊದಲ ಮಾತಿನಿಂದಲೇ ತೆಗೆದಿಟ್ಟುಕೊಳ್ಳಿ.