ಡ್ರೋನ್ ವಿಡಿಯೊ ಮೇಲೆ ಅಂಕಿ ಕೂರಿಸುವ ಮುಂಚೆ ಇದನ್ನು ಓದಿ

ಪರಿಚಯದವರೊಬ್ಬರು ನನಗೊಂದು ಸ್ಕ್ರೀನ್‌ಶಾಟ್ ಕಳಿಸಿದರು. ಉಪಗ್ರಹ ನಕ್ಷೆ, ಅದರಲ್ಲೊಂದು ತಾರಸಿ, ತಾರಸಿ ಮೇಲೆ ಕೆಂಪು ಗುರುತು. ಕೆಳಗೆ ಒಂದೇ ಸಾಲು: "ನಿಮ್ಮನೆ ಇದೇ ಅಲ್ವಾ?"

ಹೌದು, ನಮ್ಮನೆಯೇ. ಮೂಲೆಯಲ್ಲಿರುವ ನೀರಿನ ತೊಟ್ಟಿಯೂ ಕಾಣುತ್ತಿತ್ತು. ಅವರಿಗೆ ನಾನು ವಿಳಾಸ ಹೇಳಿದವನೇ ಅಲ್ಲ. ಹೇಳಿದ್ದು ನಾನು ಆನ್‌ಲೈನ್‌ನಲ್ಲಿ ಹಾಕಿದ್ದ ಡ್ರೋನ್ ವಿಡಿಯೊ.

ಎತ್ತರ, ವೇಗ ಎಲ್ಲಾ ಪರದೆ ಮೇಲೆ ಓಡುತ್ತಿದ್ದರೆ ವಿಡಿಯೊಗೆ ಒಂದು ಗತ್ತು ಬರುತ್ತದೆ. ನನಗೂ ಅದೇ ಆಸೆ. ನನ್ನ ಡ್ರೋನಿನಲ್ಲಿ ಸಬ್‌ಟೈಟಲ್ ಆಯ್ಕೆ ಆನ್ ಮಾಡಿದರೆ, ಪ್ರತಿ ವಿಡಿಯೊ ಜೊತೆಗೂ ಅದೇ ಹೆಸರಿನ ಒಂದು ಎಸ್‌ಆರ್‌ಟಿ ಫೈಲ್ (ಸಬ್‌ಟೈಟಲ್‌ನ ಪಠ್ಯ ಫೈಲ್) ಮೆಮೊರಿ ಕಾರ್ಡಿಗೆ ಬೀಳುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು: ಐಎಸ್‌ಒ, ಶಟರ್ ಅನ್ನುವ ಕ್ಯಾಮೆರಾ ಸೆಟ್ಟಿಂಗ್, ಎತ್ತರ, ಜೊತೆಗೆ ಅಕ್ಷಾಂಶ, ರೇಖಾಂಶ. ದಶಮಾಂಶ ಚುಕ್ಕಿಯ ನಂತರ ಆರು ಅಂಕಿ. ಐದು ಅಂಕಿ ಇದ್ದರೇ ಸುಮಾರು 1 ಮೀಟರ್ ಲೆಕ್ಕ. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ ಅನ್ನಿ. ಆದರೂ ಯಾವ ಮನೆ ಅಂತ ಹೇಳೋಕೆ ಅಷ್ಟು ಸಾಕು. ವಿಡಿಯೊ ಮೇಲೆ ಅಂಕಿ ಕೂರಿಸುವ ಸಾಫ್ಟ್‌ವೇರಿಗೆ ನಾನು ಆ ಫೈಲ್ ಕೊಟ್ಟು, ರೆಡಿ ಟೆಂಪ್ಲೇಟ್ ಒಂದನ್ನು ಆರಿಸಿ, ಸುಮ್ನೆ ಎಕ್ಸ್‌ಪೋರ್ಟ್ ಒತ್ತಿದ್ದೆ. ಮೂಲೆಯಲ್ಲಿ ಸಣ್ಣದಾಗಿ ಓಡುತ್ತಿದ್ದ ಅಕ್ಷಾಂಶ, ರೇಖಾಂಶದ ಕಡೆ ಕಣ್ಣೇ ಹಾಯಿಸಿರಲಿಲ್ಲ. ಡ್ರೋನ್ ಹಾರಿಸಿದ್ದು ನಮ್ಮ ತಾರಸಿಯಿಂದಲೇ.

ಸ್ಕ್ರೀನ್‌ಶಾಟ್ ನೋಡಿದ ಗಾಬರಿಯಲ್ಲಿ ಆ ವಿಡಿಯೊ ತೆಗೆದು, ಮೇಲೇರುವ ಮೊದಲ 12 ಸೆಕೆಂಡ್ ಕತ್ತರಿಸಿ ಮತ್ತೆ ಹಾಕಿದೆ. ಕತ್ತರಿಸಿದ್ದು ವಿಡಿಯೊವನ್ನು ಮಾತ್ರ. ಎಸ್‌ಆರ್‌ಟಿ ಹಾಗೇ ಇತ್ತು. ಅಂಕಿಗಳೆಲ್ಲ 12 ಸೆಕೆಂಡ್ ಹಿಂದೆ ಬಿದ್ದವು. ಡ್ರೋನ್ ಆಗಲೇ ಸೇತುವೆ ಕಡೆ ಹೊರಟಿದೆ, ಪರದೆಯಲ್ಲಿ ಎತ್ತರ 0.0, ಪಕ್ಕದಲ್ಲೇ ನಮ್ಮ ತಾರಸಿಯ ಅಕ್ಷಾಂಶ, ರೇಖಾಂಶ! ಚಿತ್ರದಿಂದ ಮನೆ ಹೋಗಿತ್ತು, ಅಂಕಿಯಲ್ಲಿ ಕೂತೇ ಇತ್ತು.

ಮೂರನೇ ಸಲ ಅಕ್ಷಾಂಶ, ರೇಖಾಂಶವನ್ನೇ ತೆಗೆದೆ. ಹೋಮ್ (ಡ್ರೋನ್ ಮೇಲೇರಿದ ಜಾಗ) ಕಡೆ ತೋರಿಸುವ ಬಾಣ ಮತ್ತು ದೂರ ಚೆನ್ನಾಗಿ ಕಾಣುತ್ತೆ ಅಂತ ಬಿಟ್ಟೆ. ಮತ್ತೆ ಅವರದೇ ಮೆಸೇಜ್. "ಸೇತುವೆ ಮೇಲಿದ್ದಾಗ 312 ಮೀಟರ್, ಊರಿನ ನೀರಿನ ಟ್ಯಾಂಕ್ ಮೇಲಿದ್ದಾಗ 540. ನಕ್ಷೆ ಮೇಲೆ ಎರಡು ವೃತ್ತ ಎಳೆದೆ. ಎರಡೇ ಕಡೆ ಕೂಡಿದವು. ಯಾವುದು ಅಂತ ಬಾಣ ಹೇಳಿತು." ಆ ಮನುಷ್ಯ ಒಳ್ಳೆಯವರು, ನನ್ನ ಪುಣ್ಯ.

ಇಷ್ಟಾದ ಮೇಲೂ ಇನ್ನೊಂದು ತೂತು ಉಳಿದಿತ್ತು. ನಾನು ಕೆಲವರಿಗೆ ಎಡಿಟ್ ಮಾಡದ ಕ್ಲಿಪ್ ಕೊಟ್ಟಿದ್ದೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ಅದನ್ನು ಹಾಕಿ ಸಬ್‌ಟೈಟಲ್ ಆನ್ ಮಾಡಿದರೆ ಅದೇ ಅಂಕಿಗಳು! ಎಸ್‌ಆರ್‌ಟಿ ಬೇರೆ ಫೈಲ್ ಆಗಿದ್ದರೂ, ಎಂಪಿ4 ಒಳಗೂ ಒಂದು ಸಬ್‌ಟೈಟಲ್ ಟ್ರ್ಯಾಕ್ ಸೇರಿಕೊಂಡಿತ್ತು. ಈಗ ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೊ ಸಾಫ್ಟ್‌ವೇರ್‌ನಲ್ಲಿ ಸಬ್‌ಟೈಟಲ್, ಡೇಟಾ ಟ್ರ್ಯಾಕ್, ಮೆಟಾಡೇಟಾ (ಫೈಲ್ ಬಗ್ಗೆ ಒಳಗೇ ಅಡಗಿರುವ ಮಾಹಿತಿ) ಮೂರನ್ನೂ ಕಿತ್ತುಹಾಕಿ, ಅಂಥ ಮಾಹಿತಿ ಉಳಿದಿದೆಯಾ ಅಂತ ತೋರಿಸುವ ಎಕ್ಸಿಫ್‌ಟೂಲ್‌ನಲ್ಲಿ ಒಮ್ಮೆ ನೋಡಿ ಆಮೇಲೆ ಕೊಡುತ್ತೇನೆ.

ಎಫ್‌ಪಿವಿ, ಅಂದರೆ ಡ್ರೋನಿನ ಕ್ಯಾಮೆರಾ ನೋಟವನ್ನು ವಿಡಿಯೊ ಕನ್ನಡಕದಲ್ಲಿ ನೋಡುತ್ತಾ ಹಾರಿಸುವವರಿಗೆ ಒಂದು ಮಾತು. ಅನಲಾಗ್ ಸೆಟಪ್‌ನಲ್ಲಿ ಓಎಸ್‌ಡಿ (ಪರದೆ ಮೇಲೆ ಕಾಣುವ ಅಂಕಿಗಳು) ಚಿತ್ರದಲ್ಲೇ ಬೆರೆತು ಕನ್ನಡಕಕ್ಕೆ ಬರುತ್ತದೆ. ಅಲ್ಲಿ ರೆಕಾರ್ಡ್ ಆದದ್ದನ್ನು ಆಮೇಲೆ ತೆಗೆಯೋಕೆ ಆಗಲ್ಲ, ಮಸಿ ಬಳಿದ ಹಾಗೆ ಮುಚ್ಚಬೇಕಷ್ಟೆ. ಡ್ರೋನ್ ನಿಯಂತ್ರಿಸುವ ಸಾಫ್ಟ್‌ವೇರ್ ಬೀಟಾಫ್ಲೈಟ್‌ನ ಓಎಸ್‌ಡಿ ಪುಟದಲ್ಲಿ ಅಕ್ಷಾಂಶ, ರೇಖಾಂಶ ಮೊದಲೇ ಆಫ್ ಮಾಡಿಬಿಡಿ. ಹೋಮ್ ಬಾಣ ಮಾತ್ರ ಇರಲಿ, ವಾಪಸ್ ಬರೋಕೆ ಅದು ಬೇಕು; ವಿಡಿಯೊ ಹೊರಗೆ ಕೊಡುವಾಗ ಅದನ್ನೂ ಮುಚ್ಚಿ. ಇನ್ನು ಕಳೆದುಹೋದ ಡ್ರೋನ್ ಹುಡುಕಲು ಕೊನೆಯ ಅಕ್ಷಾಂಶ, ರೇಖಾಂಶ ಬೇಕೇ ಬೇಕು ಅನ್ನುವವರು ಅದನ್ನು ಇಟ್ಟುಕೊಳ್ಳಲಿ, ತಪ್ಪಿಲ್ಲ. ಆದರೆ ಆ ರೆಕಾರ್ಡಿಂಗ್ ಯಾರಿಗೂ ಕೊಡಬೇಡಿ.

ನಾನೀಗ ಮನೆಯಿಂದ ದೂರದ ಬಯಲಿಗೆ ಹೋಗಿ ಹಾರಿಸುತ್ತೇನೆ. ವಿಡಿಯೊ ಮೇಲೆ ಕೂರಿಸುವ ಅಂಕಿಗಳಲ್ಲಿ ವೇಗ, ಎತ್ತರ ಅಷ್ಟೇ. ಮೊದಲು ಹಾಕಿದ್ದ ವಿಡಿಯೊಗಳನ್ನೆಲ್ಲ ಅಳಿಸಿದ್ದೇನೆ. ಅಷ್ಟರಲ್ಲಿ ಯಾರ್ಯಾರು ಇಳಿಸಿಕೊಂಡಿದ್ದಾರೋ ಗೊತ್ತಿಲ್ಲ.