ಮೇ ತಿಂಗಳ ಹುಲ್ಲಿನ ರೋಲ್: ಇಳಿಸಿಕೊಳ್ಳುವ ಮೊದಲು ಒಳಗೆ ಕೈ ಹಾಕಿ ನೋಡಿ

ತೀರ್ಥಹಳ್ಳಿ, ಹೊಸನಗರ ಕಡೆಯವರು ಮಳೆಗಾಲಕ್ಕೆ ದನಗಳಿಗೆ ಭತ್ತದ ಹುಲ್ಲಿನ ರೋಲ್ (ಮಿಷಿನ್‌ನಲ್ಲಿ ಸುತ್ತಿ ದಾರ ಕಟ್ಟಿದ ಹುಲ್ಲು) ತರಿಸುವುದಿದ್ದರೆ ದಯವಿಟ್ಟು ಇದನ್ನು ಓದಿ. ಈ ಸಲ ಮೇ ಕೊನೆಯಲ್ಲಿ ಭದ್ರಾ ನಾಲೆ ನೀರಿನಲ್ಲಿ ಭತ್ತ ಬೆಳೆಯುವ ಕಡೆಯಿಂದ ತರಿಸಿದ ಲೋಡ್‌ನಲ್ಲಿ ನಮಗೆ ಮೋಸವಾಯಿತು.

ರೋಲ್‌ಗೆ 200 ರೂಪಾಯಿ, ತೂಕ 20 ಕೆಜಿ ಅಂತ ಮಾತಾಗಿತ್ತು. ವ್ಯಾಪಾರಿ ನಮ್ಮ ಮುಂದೆಯೇ ತೂಗಿ ತೋರಿಸಿದ. ತೂಕ ಸರಿ ಇತ್ತು, ಮೇಲಿನ ಸಾಲೆಲ್ಲ ಹೊಂಬಣ್ಣ. ಕೆಲವೇ ದಿನದಲ್ಲಿ ಕೊಟ್ಟಿಗೆ ಅಟ್ಟದಿಂದ ಮುಗ್ಗಲು ವಾಸನೆ ಶುರುವಾಯಿತು. ಒಂದು ರೋಲ್‌ನ ದಾರ ಕೊಯ್ದು ನಡುವಿಗೆ ಕೈ ಹಾಕಿದರೆ, ಆಗಷ್ಟೇ ಬಸಿದ ಅನ್ನದ ಹಾಗೆ ಬಿಸಿ! ಒಳಗೆಲ್ಲ ಬೂದು ಬಣ್ಣದ ಬೂಷ್ಟು. ಬಿಡಿಸಿದ ಕೂಡಲೇ ಧೂಳು ಎದ್ದು ಸೀನು ನಿಲ್ಲಲಿಲ್ಲ. ಹಸುಗಳು ಮೂಸಿ ನೋಡಿ ಮುಖ ತಿರುಗಿಸಿದವು. ವ್ಯಾಪಾರಿಗೆ ಫೋನ್ ಮಾಡಿದರೆ, "ತೂಗಿಸ್ಕೊಂಡೇ ಇಳಿಸ್ಕೊಂಡ್ರಲ್ಲಣ್ಣ, ಇನ್ನೇನು?" ಅಂದು ಇಟ್ಟುಬಿಟ್ಟ.

ಬೇಸಿಗೆ ಭತ್ತದ ಕಟಾವೂ ಮೇ ತಿಂಗಳ ಮಳೆಯೂ ಒಟ್ಟೊಟ್ಟಿಗೇ ಬರುತ್ತವೆ. ಕಟಾವು ಮಿಷಿನ್ ಬಿಟ್ಟುಹೋದ ಹುಲ್ಲು ಗದ್ದೆಯಲ್ಲೇ ನೆನೆಯುತ್ತದೆ. ಒಣಗುವ ಮೊದಲೇ ಸುತ್ತಿಬಿಡುತ್ತಾರೆ. ನೂರಕ್ಕೆ 12ರಷ್ಟು ತೇವ ಇದ್ದರೆ 20 ಕೆಜಿ ರೋಲ್‌ನಲ್ಲಿ ಒಣಹುಲ್ಲು ಸುಮಾರು ಹದಿನೇಳೂವರೆ ಕೆಜಿ. ತೇವ 35 ಆದರೆ ಬರೀ 13. ಉಳಿದ ನೀರಿಗೂ ದುಡ್ಡು ನಮ್ಮದೇ, ಅಲ್ವಾ? ಹಸಿ ರೋಲ್ ಒತ್ತೊತ್ತಾಗಿ ಪೇರಿಸಿದರೆ ಒಳಗಿನ ಬಿಸಿಗೆ ಬೆಂಕಿಯೂ ಹತ್ತಬಹುದು.

ಬೂಷ್ಟು ಹಿಡಿದ ಮೇವಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ಅದು ಹಾಲಿಗೂ ಇಳಿಯುತ್ತದೆ. ಮನೆ ಮಕ್ಕಳು ಕುಡಿಯುವ ಹಾಲು ಅದು. ಹಾಗಾಗಿ ಒಣಗಿಸಿ ತಿನ್ನಿಸುವ ಯೋಚನೆಯನ್ನೇ ಬಿಟ್ಟು, ಎಲ್ಲವನ್ನೂ ಅಡಿಕೆ ಬುಡಕ್ಕೆ ಹಾಕಿದೆವು.

ಅಮೆರಿಕದಲ್ಲಿ ಒಣಮೇವಿನ ಪ್ರೋಟೀನು, ನಾರು ಲ್ಯಾಬಿನಲ್ಲಿ ನೋಡಿ ದರ್ಜೆ ಕೊಡುವ ಪದ್ಧತಿ ಇದೆ. ನಮ್ಮ ಸಂತೆ, ಲಾರಿ ವ್ಯಾಪಾರದಲ್ಲಿ ಕಣ್ಣು, ಮೂಗು, ಕೈಗಳೇ ಗತಿ. ಲೋಡಿನ ನಡುವಿನ ರೋಲ್ ತೆಗೆಸಿ, ಬಿಚ್ಚಿಸಿ. ಒಂದು ಹಿಡಿ ಹುಲ್ಲು ತಿರುಚಿ: ಒಣಗಿದ್ದರೆ ಚಟಚಟ ಮುರಿಯುತ್ತದೆ, ಹಸಿ ಇದ್ದರೆ ಸುಮ್ನೆ ಬಾಗುತ್ತದೆ. ಅನುಮಾನ ಬಂದರೆ ಹುಲ್ಲು ಚೂರು ಮಾಡಿ, ಒಣಗಿದ ಗಾಜಿನ ಬಾಟಲಿಗೆ ಒಂದು ಚಮಚ ಪುಡಿ ಉಪ್ಪಿನ ಜೊತೆ ಹಾಕಿ, ಒಂದೆರಡು ನಿಮಿಷ ಕುಲುಕಿ. ಉಪ್ಪು ಗಂಟು ಕಟ್ಟಿದರೆ ತೇವ ಜಾಸ್ತಿ ಇದೆ, ಅಟ್ಟಕ್ಕೆ ಹಾಕಬೇಡಿ.

ರೋಲ್ ಬಿಚ್ಚಲು ಒಪ್ಪದವರ ಲಾರಿಯನ್ನು ಹಾಗೇ ವಾಪಸ್ ಕಳಿಸಿ. ಜಾಗ ಇದ್ದವರು ಡಿಸೆಂಬರ್, ಜನವರಿಯಲ್ಲೇ ತರಿಸಿಟ್ಟುಕೊಳ್ಳಿ, ಆಗ ಬಿಸಿಲಿಗೆ ಚೆನ್ನಾಗಿ ಒಣಗಿದ ಹುಲ್ಲು ಸಿಗುತ್ತದೆ.