ಮಂಗಳೂರಾ, ಕಾರವಾರವಾ? ತುಮಕೂರಿನಿಂದ ಕಡಲಿಗೆ ಹೊರಡುವವರಿಗೆ

ನಮ್ಮ ತುಮಕೂರಿನಲ್ಲಿ ಸಮುದ್ರ ಅಂದ ಕೂಡಲೇ ಎಲ್ಲರೂ ಮಂಗಳೂರು ಅನ್ನುತ್ತಾರೆ. ಕಾರವಾರದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ದೂರ ಅನ್ನುವುದೊಂದೇ ಕಾರಣ. ನಾವು ಎರಡೂ ಕಡೆ ಹೋಗಿ ಉಳಿದು ಬಂದಿದ್ದೇವೆ, ಅದೂ ಮೊಣಕಾಲು ನೋವಿನ ಅತ್ತೆ ಮತ್ತು ಒಂದು ನಿಮಿಷ ಸುಮ್ನೆ ಕೂರದ ಮಕ್ಕಳನ್ನು ಕಟ್ಟಿಕೊಂಡು. ನನ್ನ ತೀರ್ಮಾನ ಮೊದಲೇ ಹೇಳುತ್ತೇನೆ. ಶನಿವಾರ, ಭಾನುವಾರ ಮಾತ್ರ ಕೈಯಲ್ಲಿದ್ದರೆ ಮಂಗಳೂರು. ನಾಲ್ಕು ದಿನ ರಜೆ ಸಿಕ್ಕರೆ ಕಾರವಾರ, ಎರಡನೇ ಯೋಚನೆಯೇ ಬೇಡ.

ದಾರಿ ನೋಡಿ. ಮಂಗಳೂರಿಗೆ ಕುಣಿಗಲ್, ಯಡಿಯೂರು, ಹಾಸನ, ಸಕಲೇಶಪುರ, ಆಮೇಲೆ ಶಿರಾಡಿ ಘಾಟಿ. ಸುಮಾರು 300 ಕಿ.ಮೀ. ಬೆಳಗ್ಗೆ ಬೇಗ ಹೊರಟು ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೆ ಕೈ ಮುಗಿದು ಹೋದರೂ ಮಧ್ಯಾಹ್ನದ ಹೊತ್ತಿಗೆ ಕರಾವಳಿ ಸೆಕೆ ಮೈಗೆ ಅಂಟಿಕೊಳ್ಳುತ್ತದೆ. ಕಾರು ಬೇಡ ಅಂದರೆ ರೈಲು. ಹಗಲು ರೈಲನ್ನೇ ಹಿಡಿಯಿರಿ, ಅದಕ್ಕಾಗಿ ಯಶವಂತಪುರಕ್ಕೆ ಹೋಗಿ ಹತ್ತಬೇಕಾದರೂ ಪರವಾಗಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗ ಇವೆ. ನಮ್ಮ ಮಕ್ಕಳು ಒಂದೊಂದಕ್ಕೂ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರು. ರಾತ್ರಿ ರೈಲಲ್ಲಿ ಹೋದವರಿಗೆ ಇದೆಲ್ಲ ನಿದ್ದೆಯಲ್ಲೇ ದಾಟಿಹೋಗುತ್ತದೆ.

ಕಾರವಾರಕ್ಕೆ 450 ಕಿ.ಮೀ.ಗೂ ಜಾಸ್ತಿ. ಶಿರಾ, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿವರೆಗೆ ಹೆದ್ದಾರಿ ಬೇಸರ ಬರುವಷ್ಟು ನೇರ. ಬಿಸಿಲು, ಲಾರಿ, ಟೋಲು, ಇಷ್ಟೇ. ಆದರೆ ಯಲ್ಲಾಪುರ ಬಂತು ಅಂದರೆ ಆಟವೇ ಬೇರೆ. ಕಾಡು ಶುರುವಾಗುತ್ತದೆ. ಅಲ್ಲಿಂದ ಸ್ವಲ್ಪ ಒಳಗೆ ಹೋದರೆ ಮಾಗೋಡು ಜಲಪಾತ, ಬೇಡ್ತಿ ನದಿ ಸುಮಾರು 200 ಮೀಟರ್ ಕೆಳಗೆ ಬೀಳುತ್ತದೆ. ಅರಬೈಲು ಘಾಟಿ ಇಳಿದು ಅಂಕೋಲಾ ಕಡೆ ಹೋದಾಗ ಅದೇ ನೀರು ಗಂಗಾವಳಿ ಅನ್ನುವ ಹೆಸರಲ್ಲಿ ಅಗಲವಾಗಿ, ಶಾಂತವಾಗಿ ಸಮುದ್ರದ ಕಡೆ ಹೋಗುತ್ತಿರುತ್ತದೆ. ಒಂದೇ ದಿನದಲ್ಲಿ ಒಂದು ನದಿ ಬೀಳುವುದನ್ನೂ ಅದು ಕಡಲ ಹತ್ತಿರ ಬರುವುದನ್ನೂ ನೋಡಬಹುದು. ಜಯಮಂಗಲಿ, ಶಿಂಷಾ ಎರಡೂ ನಮ್ಮ ದೇವರಾಯನದುರ್ಗದಲ್ಲೇ ಹುಟ್ಟುತ್ತವೆ ಅಂತ ಹೆಮ್ಮೆ ಪಟ್ಟುಕೊಂಡು, ಮರಳು ಮಾತ್ರ ನೋಡಿ ಬೆಳೆದ ನಮ್ಮಂಥವರಿಗೆ ಇದೇ ದೊಡ್ಡ ವಿಷಯ, ಅಲ್ವಾ?

ಈಗ ಸಮುದ್ರ. ಮಂಗಳೂರಿನಲ್ಲಿ ಪಣಂಬೂರು ಎಲ್ಲರಿಗೂ ಗೊತ್ತು. ಪಕ್ಕದಲ್ಲೇ ನವಮಂಗಳೂರು ಬಂದರು, ದೂರದಲ್ಲಿ ಸರದಿ ಕಾಯುವ ಹಡಗುಗಳು. ಮಕ್ಕಳಿಗೆ ಅದೇ ಖುಷಿ. ನನಗೆ ಮಾತ್ರ ಭಾನುವಾರದ ಜನ ನೋಡಿ ತಲೆ ಕೆಟ್ಟಿತು. ತಣ್ಣೀರುಬಾವಿ ವಾಸಿ. ರಸ್ತೆಯಲ್ಲಿ ಸುತ್ತಿ ಹೋಗಬೇಡಿ, ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿ. ಆ ಬತ್ತೇರಿ ಟಿಪ್ಪು ಕಾಲದ್ದು, ಗುರುಪುರ ನದಿಗೆ ಶತ್ರುಗಳ ಹಡಗು ನುಗ್ಗದ ಹಾಗೆ ಕಾಯಲು ಕಟ್ಟಿಸಿದ್ದು. ಉಳ್ಳಾಲದ ಸೋಮೇಶ್ವರಕ್ಕೆ ಬಂಡೆ ನೋಡಲು ಹೋಗಿ, ನೀರಿಗೆ ಮಾತ್ರ ಇಳಿಯಬೇಡಿ. ಬಾವಿಯಲ್ಲಿ ಈಜು ಕಲಿತಿದ್ದೇನೆ ಅನ್ನುವ ಧೈರ್ಯ ಅಲ್ಲಿ ನಡೆಯುವುದಿಲ್ಲ, ಅಲೆ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ವಾಮಂಜೂರಿನ ಪಿಲಿಕುಳದಲ್ಲಿ ಮೃಗಾಲಯ, ಕೆರೆ, ತಾರಾಲಯ ಎಲ್ಲ ಇವೆ. ಚೆನ್ನಾಗಿದೆ, ಆದರೆ ಅದು ಜೋಡಿಸಿಟ್ಟ ಪ್ರಕೃತಿ.

ನಿಜ ಹೇಳಬೇಕೆಂದರೆ, ಮಂಗಳೂರಿನ ಸುತ್ತಲಿನ ಪ್ರಕೃತಿ ಅಂತ ನಾವು ಹೊಗಳುವುದರಲ್ಲಿ ಅರ್ಧ ಉಡುಪಿಯದ್ದು. ಸೇಂಟ್ ಮೇರಿಸ್ ದ್ವೀಪವನ್ನೇ ತಗೊಳ್ಳಿ. ಅದಕ್ಕೆ ಮಂಗಳೂರಿನಿಂದ ಸುಮಾರು 60 ಕಿ.ಮೀ. ಹೋಗಿ ಮಲ್ಪೆಯಲ್ಲಿ ಬೋಟು ಹತ್ತಬೇಕು. ಆದರೂ ಹೋಗಲೇಬೇಕು. ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಉದ್ದುದ್ದ ಕಂಬಗಳಾಗಿ ನಿಂತ ಕಲ್ಲು, ಬಹಳಷ್ಟಕ್ಕೆ ಆರು ಮೂಲೆ, ಬಡಗಿ ಕೆತ್ತಿ ಜೋಡಿಸಿದ ಹಾಗೆ. ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದ್ದಂತೆ ಅದು. ನೆರಳು ಕಡಿಮೆ, ಟೋಪಿ ಮರೆಯಬೇಡಿ. ಮಳೆಗಾಲದಲ್ಲಿ ಬೋಟು ಇರುವುದಿಲ್ಲ.

ಕಾರವಾರದಲ್ಲಿ ಇಷ್ಟೆಲ್ಲ ಓಡಾಟವೇ ಬೇಡ. ಊರ ಮಗ್ಗುಲಲ್ಲೇ ಕಡಲು, ಹಿಂದೆ ಹಸಿರು ಗುಡ್ಡ, ಎದುರಿಗೆ ಕೂರ್ಮಗಡದಂಥ ದ್ವೀಪಗಳು. ಕೊಲ್ಲಿಯ ಒಳಗಿರುವುದರಿಂದ ಅಲೆಯ ಆರ್ಭಟ ಪಣಂಬೂರಿಗಿಂತ ಎಷ್ಟೋ ಕಡಿಮೆ. ಅತ್ತೆ ಸೀರೆ ಸ್ವಲ್ಪ ಎತ್ತಿಕೊಂಡು ನೀರಲ್ಲಿ ನಿಂತಿದ್ದು ಇಲ್ಲಿ ಮಾತ್ರ. 1882ರಲ್ಲಿ ಇಪ್ಪತ್ತೊಂದರ ಹರೆಯದ ರವೀಂದ್ರನಾಥ ಟ್ಯಾಗೋರರು ಇಲ್ಲಿ ಬಂದು ತಂಗಿದ್ದರು, ಅದಕ್ಕೇ ಬೀಚಿಗೆ ಅವರ ಹೆಸರು. ದಡದಲ್ಲೇ ಐಎನ್‌ಎಸ್ ಚಪಲ್ ಅನ್ನುವ ಹಳೆಯ ಯುದ್ಧನೌಕೆಯ ಮ್ಯೂಸಿಯಂ ಇದೆ, ಮಕ್ಕಳು ಅಲ್ಲಿಂದ ಹೊರಡಲೇ ಒಪ್ಪಲಿಲ್ಲ. ಸಂಜೆ ಕಾಳಿ ಸೇತುವೆ ಕಡೆ ಹೋಗಿ. ಒಂದು ಪಕ್ಕ ಸದಾಶಿವಗಡದ ಗುಡ್ಡ, ಇನ್ನೊಂದು ಪಕ್ಕ ನದಿ ಸಮುದ್ರ ಸೇರುವ ಜಾಗ. ಎರಡು ಸೇತುವೆಗಳಲ್ಲಿ ಹಳೆಯದು 2024ರ ಆಗಸ್ಟ್‌ನಲ್ಲಿ ಕುಸಿದುಬಿತ್ತು. ದೇವಬಾಗದ ಗಾಳಿಮರಗಳ ಕೆಳಗೆ ಏನೂ ಮಾಡದೆ ಕೂರಬಹುದು. ಡಾಲ್ಫಿನ್ ಗ್ಯಾರಂಟಿ ಅಂತ ಹೇಳಿ ದುಡ್ಡು ಕೇಳುವ ಬೋಟಿನವರನ್ನು ಮಾತ್ರ ಪೂರ್ತಿ ನಂಬಬೇಡಿ. ನಮಗೆ ಒಂದು ಬೆನ್ನು ಕಂಡಿತು, ಅದೂ ಯಜಮಾನರಿಗೆ ಮಾತ್ರ.

ಉಳಿದ ದಿನ ಗೋಕರ್ಣಕ್ಕೆ ಇಡಿ. ಸುಮಾರು 60 ಕಿ.ಮೀ. ಕುಡ್ಲೆ, ಓಂ ಬೀಚುಗಳ ನಡುವೆ ಗುಡ್ಡದ ದಾರಿಯಲ್ಲಿ ನಡೆಯಬೇಕು, ಮೊಣಕಾಲು ಗಟ್ಟಿ ಇರುವವರು ಮಾತ್ರ. ಕುಮಟಾದ ಮೇಲೆ ಯಾಣಕ್ಕೂ ಹೋಗಿ. ಕಾಡಿನ ನಡುವೆ 120 ಮೀಟರ್ ಎತ್ತರದ ಕಪ್ಪು ಭೈರವೇಶ್ವರ ಶಿಖರ, ಪಕ್ಕದಲ್ಲಿ 90 ಮೀಟರಿನ ಮೋಹಿನಿ ಶಿಖರ. ಮಧುಗಿರಿಯ ಏಕಶಿಲೆ ನೋಡಿದವರು ನಾವು, ಸುಲಭಕ್ಕೆ ಬೆರಗಾಗುವವರಲ್ಲ. ಆದರೂ ಅಲ್ಲಿ ತಲೆ ಎತ್ತಿ ಬಾಯಿ ಬಿಟ್ಟು ನಿಂತೆವು.

ಊಟದಲ್ಲಿ ಮಂಗಳೂರಿಗೇ ಪೂರ್ತಿ ಅಂಕ. ನೀರುದೋಸೆ, ಗೋಳಿಬಜೆ, ಬನ್ಸ್, ಗಡ್‌ಬಡ್ ಐಸ್‌ಕ್ರೀಮ್. ಸಸ್ಯಾಹಾರಿಗಳಿಗೂ ಬೇಕಾದಷ್ಟು ಹೋಟೆಲು ಇವೆ. ಕುಚ್ಚಲಕ್ಕಿ ಅನ್ನ ಮಾತ್ರ ಅತ್ತೆಗೆ ಒಗ್ಗಲಿಲ್ಲ, ಬೆಳ್ತಿಗೆ ಅನ್ನ, ಅಂದರೆ ನಮ್ಮ ಬಿಳಿ ಅನ್ನ, ಕೇಳಿ ಹಾಕಿಸಿಕೊಂಡೆವು. ಕಾರವಾರ ಮೀನು ತಿನ್ನುವವರ ಸ್ವರ್ಗ. ನಮ್ಮ ಯಜಮಾನರು ಈಗಲೂ ಅದನ್ನೇ ಮಾತಾಡುತ್ತಾರೆ. ತಿನ್ನದವರಿಗೆ ಆಯ್ಕೆ ಕಮ್ಮಿ, ರಾತ್ರಿ ಹೊತ್ತಾದರೆ ಇನ್ನೂ ಕಮ್ಮಿ.

ಎರಡಕ್ಕೂ ಡಿಸೆಂಬರ್, ಜನವರಿ ಒಳ್ಳೆಯದು. ಮೇ ತಿಂಗಳಲ್ಲಿ ಸ್ನಾನ ಮಾಡಿ ಬಂದ ಐದು ನಿಮಿಷಕ್ಕೆ ಮತ್ತೆ ಬೆವರು. ಮಳೆಗಾಲದಲ್ಲಿ ಎರಡೂ ದಾರಿಯಲ್ಲಿ ಗುಡ್ಡ ಜಾರುವ ಭಯ ಇದೆ. ಶಿರಾಡಿ ಆಗಾಗ ಬಂದ್ ಆಗುತ್ತದೆ, ಅಂಕೋಲಾ ಹತ್ತಿರದ ಶಿರೂರಿನಲ್ಲಿ 2024ರ ಜುಲೈಯಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ.

ಮನೆಯಲ್ಲಿ ಮತ ಹಾಕಿದರೆ ಕಾರವಾರವೇ ಗೆಲ್ಲುತ್ತದೆ. ಅತ್ತೆ ಮಾತ್ರ ಮಂಗಳೂರಿನ ಪರ. ಕದ್ರಿ, ಕಟೀಲು ಆಗುತ್ತದೆ, ಬರುವಾಗ ಧರ್ಮಸ್ಥಳವೂ ಆಗುತ್ತದೆ ಅನ್ನುವುದು ಅವರ ಲೆಕ್ಕ. ಗೋಕರ್ಣದಲ್ಲಿ ಮಹಾಬಲೇಶ್ವರ ಇದ್ದಾನಲ್ಲ ಅತ್ತೆ ಅಂದರೆ, "ಇದ್ದಾನೆ ಕಣಮ್ಮ, ಆದರೆ ನೀವು ನನ್ನನ್ನ ದೇವಸ್ಥಾನದಲ್ಲಿ ಕೂರಿಸಿ ಬೀಚಿಗೆ ಹೋಗ್ತೀರಲ್ಲ" ಅನ್ನುತ್ತಾರೆ.